ಮೈಟೊಕಾಂಡ್ರಿಯದ ಕಾಯಿಲೆಗಳು: ಒಂದೇ ಮ್ಯುಟೇಶನ್, ಹಲವು ರೂಪ

ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಕ್ಕೆ 16,569 ಬೇಸ್ ಜೋಡಿಗಳ (ಡಿಎನ್ಎಯ ಅಕ್ಷರ ಜೋಡಿಗಳ) ಸ್ವಂತ ಡಿಎನ್ಎ ಇದೆ; ಅದು ತಾಯಿಯಿಂದ ಮಾತ್ರ ಬರುತ್ತದೆ. ಅದರ 37 ಜೀನ್‌ಗಳಲ್ಲಿ ಪ್ರೋಟೀನ್ ತಯಾರಿಗೆ ಸಂಕೇತ ಕೊಡುವವು 13 ಮಾತ್ರ. ಅಲ್ಲಿ ಕೆಲಸ ಮಾಡುವ ಸಾವಿರಕ್ಕೂ ಹೆಚ್ಚಿನ ಉಳಿದ ಪ್ರೋಟೀನ್‌ಗಳ ಜೀನ್‌ಗಳು ಕೋಶಕೇಂದ್ರದಲ್ಲಿವೆ. ಹಾಗಾಗಿ ಈ ಕಾಯಿಲೆಗಳೆಲ್ಲ ತಾಯಿಯಿಂದಲೇ ಬರುತ್ತವೆ ಎಂದರೆ ಅರ್ಧ ತಪ್ಪಾಗುತ್ತದೆ.

ಮಿದುಳು, ಸ್ನಾಯುಗಳನ್ನು ಬಾಧಿಸುವ ಮೆಲಾಸ್ ಎಂಬ ಕಾಯಿಲೆಯ ಬಹುಪಾಲು ರೋಗಿಗಳಲ್ಲಿ ಮೈಟೊಕಾಂಡ್ರಿಯದ ಡಿಎನ್ಎಯ 3243ನೆಯ ಸ್ಥಾನದ ಎ ಅಕ್ಷರ ಜಿ ಆಗಿರುತ್ತದೆ. ಇದು ಗೊತ್ತಾದದ್ದು 1990ರಲ್ಲಿ. ಅದೇ ಮ್ಯುಟೇಶನ್ (ಡಿಎನ್ಎಯಲ್ಲಾದ ಬದಲಾವಣೆ) ಒಂದೇ ಕುಟುಂಬದ ಒಬ್ಬರಿಗೆ ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯುವಿನಂಥ ಆಘಾತ ತಂದರೆ, ಇನ್ನೊಬ್ಬರಲ್ಲಿ ಮಧುಮೇಹ ಮತ್ತು ಕಿವುಡುತನವಾಗಿ ಮಾತ್ರ ಕಾಣಿಸಿಕೊಳ್ಳಬಹುದು. ಇದಕ್ಕೆ ಮುಖ್ಯ ಕಾರಣ, ಒಂದು ಕೋಶದಲ್ಲಿರುವ ನೂರಾರು, ಸಾವಿರಾರು ಮೈಟೊಕಾಂಡ್ರಿಯದ ಡಿಎನ್ಎ ಪ್ರತಿಗಳಲ್ಲಿ ಕೆಲವು ಮಾತ್ರ ಕೆಟ್ಟಿರುವುದು; ಈ ಸ್ಥಿತಿಗೆ ಹೆಟೆರೊಪ್ಲಾಸ್ಮಿ ಎನ್ನುತ್ತಾರೆ. ಕೆಟ್ಟ ಪ್ರತಿಗಳ ಪಾಲು ಆ ಅಂಗದ ಮಿತಿಯನ್ನು ದಾಟಿದಾಗಲಷ್ಟೇ ತೊಂದರೆ ಹೊರಬೀಳುತ್ತದೆ. ಈ ಮ್ಯುಟೇಶನ್‌ನ ಪ್ರಮಾಣ ವಯಸ್ಸಾದಂತೆ ರಕ್ತದಲ್ಲಿ ಇಳಿಯುತ್ತದೆ, ಆದ್ದರಿಂದ ವಯಸ್ಕರ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಮೂತ್ರದಲ್ಲಿನ ಕೋಶಗಳನ್ನೋ ಸ್ನಾಯುವಿನ ತುಣುಕನ್ನೋ ಪರೀಕ್ಷಿಸಬೇಕಾಗುತ್ತದೆ. ಗೊಮೊರಿ ಟ್ರೈಕ್ರೋಮ್ ಬಣ್ಣ ಹಾಕಿದ ಸ್ನಾಯುತಂತುವಿನ ಅಂಚು ಸೂಕ್ಷ್ಮದರ್ಶಕದಲ್ಲಿ ಹರಿದಂತೆ, ಕೆಂಪಗೆ ಕಂಡರೆ ಪೊರೆಯ ಕೆಳಗೆ ಮೈಟೊಕಾಂಡ್ರಿಯಗಳು ಗುಂಪುಗೂಡಿವೆ ಎಂದು ತಿಳಿಯಬೇಕು.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಬಹುತೇಕ ರೋಗಿಗಳಿಗೆ ಇಂದಿಗೂ ಸಿಗುವುದು ಮೂರ್ಛೆ, ಮಧುಮೇಹ, ಹೃದಯದ ತೊಂದರೆ ಇವುಗಳ ನಿರ್ವಹಣೆ ಮಾತ್ರ. ಏನು ಕೊಡಬಾರದು ಎಂಬುದೂ ಇಲ್ಲಿ ಅಷ್ಟೇ ಮುಖ್ಯ: ಮೈಟೊಕಾಂಡ್ರಿಯದ ಡಿಎನ್ಎಯನ್ನು ನಕಲಿಸಲು ಬೇಕಾದ ಪೋಲ್‌ಜಿ ಜೀನ್ ದೋಷವಿರುವವರ ಮೂರ್ಛೆಗೆ ವಾಲ್‌ಪ್ರೊಯೇಟ್ ಎಂಬ ಔಷಧ ಕೊಟ್ಟರೆ ಯಕೃತ್ತು ಮಾರಕವಾಗಿ ಕೈಕೊಡಬಹುದು. ಕಣ್ಣಿನ ನರ ಸೊರಗುವ ಲೇಬರ್ ಕಾಯಿಲೆಗೆ ಐಡೆಬೆನೋನ್ ಎಂಬ ಔಷಧಕ್ಕೆ ಯುರೋಪಿನಲ್ಲಿ 2015ರಲ್ಲಿ ಅನುಮತಿ ದೊರೆಯಿತು. ಕೋಎನ್‌ಜೈಮ್ ಕ್ಯೂ10 ಎಂಬ, ಮೈಟೊಕಾಂಡ್ರಿಯದಲ್ಲಿ ಶಕ್ತಿ ತಯಾರಿಗೆ ಬೇಕಾದ ವಸ್ತುವನ್ನು ಎಲ್ಲರಿಗೂ ಬರೆದುಕೊಡುವ ರೂಢಿಯಿದ್ದರೂ, ಅದು ನಿಜಕ್ಕೂ ಕೆಲಸ ಮಾಡುವುದು ದೇಹ ಅದನ್ನೇ ತಯಾರಿಸಲಾರದ ಅಪರೂಪದ ದೋಷಗಳಲ್ಲಿ ಎಂಬುದು ನನ್ನ ಓದಿನ ತೀರ್ಮಾನ.

ದಾನಿಯ ಅಂಡದಲ್ಲಿನ ಆರೋಗ್ಯವಂತ ಮೈಟೊಕಾಂಡ್ರಿಯವನ್ನು ಬಳಸಿ ಮಗುವನ್ನು ಪಡೆಯಲು ಬ್ರಿಟನ್ 2015ರಲ್ಲಿ ಕಾನೂನು ಮಾಡಿತು. ನ್ಯೂಕ್ಯಾಸಲ್‌ನ ತಂಡ 2025ರಲ್ಲಿ ಹೀಗೆ ಹುಟ್ಟಿದ ಎಂಟು ಮಕ್ಕಳ ವರದಿ ಪ್ರಕಟಿಸಿತು. ಕೋಶಕೇಂದ್ರವನ್ನು ವರ್ಗಾಯಿಸುವಾಗ ತಾಯಿಯ ಮೈಟೊಕಾಂಡ್ರಿಯವೂ ತುಸು ಜೊತೆಗೆ ಸಾಗುವುದರಿಂದ ಮೂವರಲ್ಲಿ ಕೆಟ್ಟ ಡಿಎನ್ಎ ಅಲ್ಪ ಪ್ರಮಾಣದಲ್ಲಿ ಉಳಿದಿತ್ತು. ಆದ್ದರಿಂದ ಈ ವಿಧಾನವನ್ನು ಅಪಾಯ ತಗ್ಗಿಸುವಂಥದ್ದು ಎಂದಷ್ಟೇ ಹೇಳಬೇಕು. ಕೋಶಕೇಂದ್ರದ ಜೀನ್‌ಗಳಲ್ಲಿ ದೋಷವಿರುವ ಕುಟುಂಬಗಳಿಗೆ ಇದರಿಂದ ಪ್ರಯೋಜನವಿಲ್ಲ.