ಆಟಿಕೆ ಇಟ್ಟಿಗೆಯಿಂದ ಒಂದು ಮೈಕ್ರೋಲೀಟರ್ ಅಳೆಯೋದು ಹೇಗೆ?

ಒಂದು ಹನಿ ನೀರನ್ನು ಐವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟಿರುತ್ತೋ, ಅದು ಹೆಚ್ಚುಕಡಿಮೆ ಒಂದು ಮೈಕ್ರೋಲೀಟರ್. ಜೀವವಿಜ್ಞಾನದ ಲ್ಯಾಬಿನಲ್ಲಿ ದಿನವಿಡೀ ನಡೆಯುವುದು ಇಂಥ ಅಳತೆಯ ಕೆಲಸವೇ. ಇಲ್ಲಿಂದ ಇಷ್ಟು ಎತ್ತಬೇಕು, ಅಲ್ಲಿ ಇಷ್ಟು ಬಿಡಬೇಕು, ಮುಂದಿನದಕ್ಕೆ ಹೋಗಬೇಕು. ನಮ್ಮ ಅಳಗುಳಿ ಮಣೆ ನೋಡಿದ್ದೀರಲ್ವಾ? ಅದರಲ್ಲಿ 14 ಗುಳಿ. ಲ್ಯಾಬಿನ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಗುಳಿ, 8 ಸಾಲು, ಸಾಲಿಗೆ 12. ಒಂದೊಂದಕ್ಕೂ ಅಳೆದು ಹಾಕುತ್ತಾ ಹೋದರೆ ಹೆಬ್ಬೆರಳು ನೋಯುತ್ತದೆ, ಜೊತೆಗೆ ನಡುವೆ ಎಲ್ಲೋ ಯಾವ ಗುಳಿಗೆ ಹಾಕಿದ್ದೆ ಅನ್ನೋದೇ ಮರೆತುಹೋಗುತ್ತದೆ.

ಮೊದಲು ಇದನ್ನು ಬಾಯಲ್ಲೇ ಮಾಡುತ್ತಿದ್ದರು. ಗಾಜಿನ ಕೊಳವೆಯ ತುದಿಯನ್ನು ತುಟಿಗಿಟ್ಟು ಎಳನೀರು ಹೀರಿದಂತೆ ಹೀರುವುದು, ಒಳಗಿರೋದು ವಿಷವೇ ಇರಲಿ, ರೋಗಾಣುವೇ ಇರಲಿ. 1957ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಹೈನ್ರಿಚ್ ಶ್ನಿಟ್ಗರ್ ಅನ್ನುವವರು ಸ್ಪ್ರಿಂಗ್ ಹಾಕಿ ಬೆರಳಿನಿಂದ ಒತ್ತುವ ಪಿಪೆಟ್, ಅಂದರೆ ದ್ರವವನ್ನು ಅಳೆದು ಹೀರಿ ಬಿಡುವ ಕೊಳವೆ, ಮಾಡಿದರು. ಈಗ ಎಲ್ಲ ಲ್ಯಾಬಿನಲ್ಲೂ ಇರೋದು ಅದರದ್ದೇ ಮರಿಗಳು. ಆಮೇಲೆ ಕೈಯ ಕೆಲಸವನ್ನೇ ಮಾಡುವ ರೋಬೋಟ್‌ಗಳು ಬಂದವು, ಆದರೆ ಅವಕ್ಕೆ ಲಕ್ಷಗಟ್ಟಲೆ ದುಡ್ಡು. ಶಾಲೆಗಂತೂ ಕನಸು.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಮಾರ್ ರೀಡೆಲ್-ಕ್ರೂಸ ಅವರ ತಂಡ ಇದೇ ಕೆಲಸಕ್ಕೆ ಲೆಗೋ ರೋಬೋಟ್ ತೋರಿಸಿತು. ಲೆಗೋ ಅಂದರೆ ಒಂದಕ್ಕೊಂದು ಜೋಡಿಸುವ ಆಟಿಕೆ ಇಟ್ಟಿಗೆ. ರೋಬೋಟ್ ಕಟ್ಟೋಕೆ ಅಂತಲೇ ಬಂದ ಮಕ್ಕಳ ಲೆಗೋ ಮೈಂಡ್‌ಸ್ಟಾರ್ಮ್ಸ್ ಇವಿ3 ಸೆಟ್ಟು, ಅದರ ಮೋಟಾರು, ಒಂದು ಪ್ಲಾಸ್ಟಿಕ್ ಸಿರಿಂಜ್. ಒಂದು ಮೈಕ್ರೋಲೀಟರಿನ ಹತ್ತಿರಕ್ಕೂ ಹೋಗಬಹುದು ಅಂದರು. ಕೇಳಿದಾಗ ನಂಬೋದು ಕಷ್ಟ. ಹಾಗಾಗಿ ನಾವೇ ಒಂದು ಲೆಕ್ಕ ಹಾಕಿ ನೋಡೋಣ.

ಒಂದು ಮಿಲಿಲೀಟರಿನ ಸಿರಿಂಜ್ ತಗೊಳ್ಳಿ. ಅದರಲ್ಲಿ ಹಿಡಿಯೋದು 1000 ಮೈಕ್ರೋಲೀಟರ್. ಅದರ ಮೇಲಿನ ಅಳತೆ ಗೆರೆಗಳಲ್ಲಿ ಮೊದಲನೆಯದರಿಂದ ಕೊನೆಯದಕ್ಕೆ ಸುಮಾರು 57 ಮಿಲಿಮೀಟರ್. ಅಂದರೆ ದಂಡವನ್ನು ಒಂದು ಮಿಲಿಮೀಟರ್ ಒತ್ತಿದರೆ 17.5 ಮೈಕ್ರೋಲೀಟರ್ ಹೊರಗೆ ಬರುತ್ತದೆ. ಈಗ ದಂಡವನ್ನು ಹಲ್ಲಿನ ಪಟ್ಟಿಯೊಂದಕ್ಕೆ ಜೋಡಿಸಿ, ಪಟ್ಟಿಯನ್ನು ಲೆಗೋದ 8 ಹಲ್ಲಿನ ಗೇರ್ ತಳ್ಳುವಂತೆ ಮಾಡಿ. ಆ ಗೇರ್ ಒಂದು ಸುತ್ತು ತಿರುಗಿದರೆ ಪಟ್ಟಿ 25 ಮಿಲಿಮೀಟರ್ ಸರಿಯುತ್ತದೆ. ಇವಿ3 ಮೋಟಾರು ತಾನು ತಿರುಗಿದ್ದನ್ನು ಒಂದೊಂದೇ ಡಿಗ್ರಿ ಎಣಿಸುತ್ತದೆ. 25ನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 0.07 ಮಿಲಿಮೀಟರ್, ಅದನ್ನು 17.5ರಿಂದ ಗುಣಿಸಿದರೆ 1.2 ಮೈಕ್ರೋಲೀಟರ್! ಬೆಲೆಬಾಳುವ ಯಾವುದೂ ಇಲ್ಲ ಇಲ್ಲಿ. ತಿರುಗುವ ಕೋನವನ್ನು ಸಣ್ಣ ಸರಿದಾಟ ಮಾಡಿ, ಆ ಸರಿದಾಟವನ್ನು ತೆಳು ಕೊಳವೆಯಲ್ಲಿ ನೀರಿನ ಅಳತೆ ಮಾಡಿದ್ದೇವೆ ಅಷ್ಟೆ. ನನಗೆ ಈ ಲೆಕ್ಕ ಎಷ್ಟು ಸಲ ಮಾಡಿದರೂ ಖುಷಿ.

ಆದರೆ ಕಾಗದದ ಮೇಲೆ ಸರಿಹೋದದ್ದು ಮೇಜಿನ ಮೇಲೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಗೇರಿನ ಹಲ್ಲುಗಳ ನಡುವೆ ಸಡಿಲ ಇರುತ್ತದೆ. ಎಳೆಯುತ್ತಿದ್ದ ಮೋಟಾರು ದಿಕ್ಕು ಬದಲಿಸಿ ಒತ್ತಲು ಶುರು ಮಾಡಿದಾಗ ಮೊದಲ ಕೆಲವು ಡಿಗ್ರಿ ಸುಮ್ನೆ ಖಾಲಿ ತಿರುಗುತ್ತದೆ, ದಂಡ ಅಲ್ಲಾಡುವುದೇ ಇಲ್ಲ. ಇದಕ್ಕೆ ಉಪಾಯ ಇದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೀರಿ, ಅದೇ ಬಾಟಲಿಗೆ ಒಂದಿಷ್ಟು ವಾಪಸ್ ಬಿಟ್ಟು, ಆಮೇಲೆ ಗುಳಿಯ ಕಡೆ ಹೋಗುವುದು. ಆಗ ಸಡಿಲವೆಲ್ಲ ಅಲ್ಲೇ ಮುಗಿದಿರುತ್ತದೆ. ಇನ್ನೊಂದು ತೊಂದರೆ ಏನಪ್ಪಾ ಅಂದರೆ ಒಂದು ಮೈಕ್ರೋಲೀಟರ್ ನೀರು ತಾನಾಗಿ ಬೀಳುವುದೇ ಇಲ್ಲ, ಸೂಜಿಯ ತುದಿಗೆ ಅಂಟಿಕೊಂಡು ಕೂರುತ್ತದೆ. ತುದಿಯನ್ನು ಗುಳಿಯ ಗೋಡೆಗೆ ತಾಗಿಸಬೇಕು. ಲೆಗೋ ಇಟ್ಟಿಗೆಯ ಮೇಲಿರುವ ಗುಬುಟುಗಳ ನಡುವಿನ ದೂರ 8 ಮಿಲಿಮೀಟರ್, ತಟ್ಟೆಯ ಗುಳಿಗಳ ನಡುವೆ 9. ಹಾಗಾಗಿ ಗುಬುಟು ಎಣಿಸಿ ಹೋದರೆ ಮುಂದಿನ ಗುಳಿ ಸಿಗುವುದಿಲ್ಲ, ಅಲ್ಲೂ ಮೋಟಾರೇ ಡಿಗ್ರಿ ಎಣಿಸಬೇಕು.

ಸ್ಟ್ಯಾನ್‌ಫರ್ಡ್ ತಂಡ ಇದನ್ನು ಶಾಲಾ ಮಕ್ಕಳ ಕೈಗೂ ಕೊಟ್ಟಿತು. ಬಣ್ಣ ಬೆರೆಸುವುದು, ಉಪ್ಪುನೀರಿನ ಪದರ ಕಟ್ಟುವುದು, ಇಂಥ ಪ್ರಯೋಗಗಳು. ಉಪ್ಪು ಜಾಸ್ತಿ ಇರುವ ನೀರು ಭಾರ, ಅದು ತಳದಲ್ಲಿ. ಅದರ ಮೇಲೆ ಕಡಿಮೆ ಉಪ್ಪಿನದ್ದನ್ನು ಬೇರೆ ಬಣ್ಣ ಹಾಕಿ ಮೆಲ್ಲಗೆ ಬಿಟ್ಟರೆ ಪದರ ಪದರವಾಗಿ ನಿಲ್ಲುತ್ತದೆ. ಕೈ ಸ್ವಲ್ಪ ನಡುಗಿದರೂ ಎಲ್ಲ ಕಲಸಿಹೋಗುತ್ತದೆ, ಮೋಟಾರಿಗೆ ಆ ನಡುಕ ಇಲ್ಲ.

ಮೈಂಡ್‌ಸ್ಟಾರ್ಮ್ಸ್ ಮಾರಾಟವನ್ನು ಲೆಗೋ 2022ರ ಕೊನೆಗೆ ನಿಲ್ಲಿಸಿತು. ಪರವಾಗಿಲ್ಲ, ಕೋನ ಎಣಿಸುವ ಯಾವ ಮೋಟಾರಾದರೂ ನಡೆಯುತ್ತದೆ. ಮಾಡುವವರು ಮರೆಯಬಾರದ್ದು ಪರೀಕ್ಷೆ. 100 ಮೈಕ್ರೋಲೀಟರ್ ನೀರು ತೂಗಿದರೆ ಹತ್ತಿರ ಹತ್ತಿರ 100 ಮಿಲಿಗ್ರಾಂ ಬರಬೇಕು. ಚಿನ್ನದ ಅಂಗಡಿಯಲ್ಲಿರುವಂಥ, ಮಿಲಿಗ್ರಾಂ ತೋರಿಸುವ ತಕ್ಕಡಿ ಸಾಕು. ಹತ್ತು ಸಲ ಬಿಟ್ಟು ಹತ್ತು ಸಲ ತೂಗಿ. ಪ್ರತಿ ಸಲವೂ 90ರ ಆಸುಪಾಸು ಬಂದರೆ ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆ ಬದಲಿಸಿದರೆ ಮುಗಿಯಿತು. ಒಮ್ಮೆ 85, ಒಮ್ಮೆ 110, ಇನ್ನೊಮ್ಮೆ 96 ಅಂತ ಕುಣಿಯುತ್ತಿದ್ದರೆ ಪ್ರೋಗ್ರಾಂ ಮುಟ್ಟಬೇಡಿ, ಇಟ್ಟಿಗೆ ಬಿಚ್ಚಿ ಎಲ್ಲಿ ಸಡಿಲಾಗಿದೆ ಅಂತ ಹುಡುಕಿ.