ಮೇಳ ಸಂಗೀತದಲ್ಲಿ ಶಬ್ದದ ದೂರ ಮತ್ತು ತಡ

20 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಓದುವಾಗ ಇದು ಭಾರೀ ವೇಗ ಅನಿಸುತ್ತದೆ, ಅಲ್ವಾ? ಲೆಕ್ಕವನ್ನು ತಿರುಗಿಸಿ ನೋಡಿ. ಒಂದು ಮೀಟರ್ ದಾಟಲು ಶಬ್ದಕ್ಕೆ ಹತ್ತಿರಹತ್ತಿರ 3 ಮಿಲಿಸೆಕೆಂಡ್ ಬೇಕು. ಮೇಳವನ್ನು ಅರ್ಥ ಮಾಡಿಕೊಳ್ಳಲು ಈ 3 ಅನ್ನೋ ಅಂಕಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ದೊಡ್ಡ ಆರ್ಕೆಸ್ಟ್ರಾ ತೆಗೆದುಕೊಳ್ಳಿ. ಮುಂದೆ ಪಿಟೀಲುಗಳು, ಅವುಗಳಿಂದ 15 ಮೀಟರ್ ಹಿಂದೆ ಟಿಂಪನಿ, ಅಂದರೆ ನಗಾರಿಯಂಥ ದೊಡ್ಡ ಚರ್ಮವಾದ್ಯ. ಕೇಳುಗರು ಎದುರಿಗೆ, ಅದೇ ನೇರದಲ್ಲಿ ಕುಳಿತಿದ್ದಾರೆ. ಪಿಟೀಲಿನವರೂ ಟಿಂಪನಿಯವರೂ ಮೇಳ ನಡೆಸುವ ಕಂಡಕ್ಟರ್‌ನ ಕೋಲು ನೋಡಿ ಒಂದೇ ಕ್ಷಣಕ್ಕೆ ನುಡಿಸಿದರು ಅಂದುಕೊಳ್ಳೋಣ. ಟಿಂಪನಿಯ ಪೆಟ್ಟು ಕೇಳುಗರಿಗೆ ಸುಮಾರು 44 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಈಗ ಟಿಂಪನಿ ವಾದಕ ಕೋಲು ನೋಡುವುದು ಬಿಟ್ಟು, ಪಿಟೀಲು ಕಿವಿಗೆ ಬಿದ್ದ ಮೇಲೆ ಹೊಡೆದರೆ? ಪಿಟೀಲಿನ ಶಬ್ದ ಹಿಂದಕ್ಕೆ ಹೋಗಲು 44, ಪೆಟ್ಟಿನ ಶಬ್ದ ಮುಂದಕ್ಕೆ ಬರಲು ಇನ್ನೊಂದು 44. ಒಟ್ಟು ಸುಮಾರು 88 ಮಿಲಿಸೆಕೆಂಡ್. ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಒಂದು ಎಣಿಕೆಯ ಕಾಲುಭಾಗ ಅಂದರೆ 125 ಮಿಲಿಸೆಕೆಂಡ್. ಅದರ ಪಕ್ಕ 88 ಇಟ್ಟು ನೋಡಿದರೆ ತಡ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಹಾಗಾಗಿಯೇ ಹಿಂದಿನ ಸಾಲಿನವರು ಕಿವಿಗಿಂತ ಕಣ್ಣನ್ನು ಜಾಸ್ತಿ ನಂಬಬೇಕಾಗುತ್ತದೆ. ಬೆಳಕಿಗೆ ಈ ದೂರ ಲೆಕ್ಕಕ್ಕೇ ಇಲ್ಲ. ಅನುಭವಿಗಳು ತಮ್ಮ ಕಿವಿಗೆ ಕೇಳುವುದಕ್ಕಿಂತ ತುಸು ಮುಂಚೆಯೇ ನುಡಿಸುತ್ತಾರೆ. ತಾವು ಕುಳಿತಲ್ಲಿ ಲಯ ತಪ್ಪಿದಂತೆ ಕೇಳಿದರೂ ಸಭೆಯಲ್ಲಿ ಸರಿಯಾಗಿ ಕೂಡುತ್ತದೆ. ಎಷ್ಟು ಕಷ್ಟದ ಕೌಶಲ ನೋಡಿ! ಇಬ್ಬರು ದೂರದಲ್ಲಿ ಕೂತು ಪರಸ್ಪರ ಕೇಳಿಸಿಕೊಂಡೇ ನುಡಿಸಲು ಹೋದರೆ, ಇವರು ಅವರಿಗಾಗಿ, ಅವರು ಇವರಿಗಾಗಿ ಕಾಯುತ್ತಾ ವೇಗ ನಿಧಾನವಾಗಿ ಇಳಿಯುತ್ತದೆ. ನಾಲ್ಕು ಜನರ ತಂಡ ಹತ್ತಿರ ಹತ್ತಿರ ಕೂರುವುದಕ್ಕೆ ಇದೂ ಒಂದು ಕಾರಣ.

ಇದುವರೆಗೆ ಹೇಳಿದ್ದು ನೇರ ಶಬ್ದದ ಮಾತು. ಗೋಡೆ, ಚಾವಣಿಗೆ ಬಡಿದು ಬರುವ ಶಬ್ದ ಅದರ ಹಿಂದೆಯೇ ಬರುತ್ತದೆ. ಮೊದಲ ಹತ್ತಾರು ಮಿಲಿಸೆಕೆಂಡುಗಳಲ್ಲಿ ಬಂದದ್ದನ್ನು ಕಿವಿ ನೇರ ಶಬ್ದದ ಜೊತೆಗೇ ಸೇರಿಸಿಕೊಳ್ಳುತ್ತದೆ. ಶಬ್ದ ತುಂಬಿಕೊಂಡಂತೆ ಕೇಳುತ್ತದೆ, ಆದರೆ ದಿಕ್ಕು ಮಾತ್ರ ಮೊದಲು ಬಂದದ್ದರದೇ. ಜೋರಾದ ಪ್ರತಿಫಲನ ತುಂಬಾ ತಡವಾದರೆ ಅದು ಬೇರೆಯಾಗಿ ಕೇಳಿ ಪ್ರತಿಧ್ವನಿಯಾಗುತ್ತದೆ. ಸಾವಿರಾರು ಪ್ರತಿಫಲನಗಳು ಬೆರೆತು ಮೆಲ್ಲಗೆ ಆರುವುದು ಅನುರಣನ.

ಅನುರಣನವನ್ನು ಅಳೆಯುವ ದಾರಿ ತೋರಿಸಿದವರು ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸ್ಯಾಬಿನ್. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತೇ ಸರಿಯಾಗಿ ಕೇಳದ ಒಂದು ಉಪನ್ಯಾಸ ಕೋಣೆಯನ್ನು ಸರಿಪಡಿಸುವ ಕೆಲಸ 1895ರಲ್ಲಿ ಅವರ ಪಾಲಿಗೆ ಬಂತು. ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ಊದಿಸಿ, ಶಬ್ದ ಆರಲು ಎಷ್ಟು ಹೊತ್ತು ಬೇಕೆಂದು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಅನುರಣನ ಕಡಿಮೆಯಾಯಿತು. ಅದರಿಂದ ಹುಟ್ಟಿದ ಸೂತ್ರ ಹೀಗಿದೆ: ಅನುರಣನ ಕಾಲ = 0.161 × ಕೋಣೆಯ ಘನಗಾತ್ರ ÷ ಒಟ್ಟು ಹೀರಿಕೆ (ಅಳತೆಗಳು ಮೀಟರ್‌ನಲ್ಲಿ). ಜನರೂ ಶಬ್ದ ಹೀರುತ್ತಾರೆ. ಖಾಲಿ ಸಭಾಂಗಣದ ಅಭ್ಯಾಸಕ್ಕೂ ತುಂಬಿದ ಸಭೆಯ ಕಾರ್ಯಕ್ರಮಕ್ಕೂ ವ್ಯತ್ಯಾಸ ಬರುವುದು ಇದರಿಂದಲೇ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ಗೆ ಸಲಹೆ ಕೊಟ್ಟವರೂ ಸ್ಯಾಬಿನ್.

ಇನ್ನು ದಿಕ್ಕಿನ ವಿಚಾರ, ಚುಟುಕಾಗಿ. 100 ಹರ್ಟ್ಜ್ (ಸೆಕೆಂಡಿಗೆ 100 ಕಂಪನ) ಶಬ್ದದ ತರಂಗಾಂತರ, ಅಂದರೆ ಒಂದು ಅಲೆಯ ಉದ್ದ, ಸುಮಾರು 3.4 ಮೀಟರ್. ಅದು ಮನುಷ್ಯರನ್ನು, ಕುರ್ಚಿಗಳನ್ನು ಸುತ್ತಿಕೊಂಡು ಮುಂದೆ ಹೋಗುತ್ತದೆ. 5000 ಹರ್ಟ್ಜ್‌ನದ್ದು ಸುಮಾರು 7 ಸೆಂಟಿಮೀಟರ್ ಮಾತ್ರ, ಮುಂದಿನವರ ತಲೆಯೇ ಅದಕ್ಕೆ ಅಡ್ಡ. ಟ್ರಂಪೆಟ್‌ನ ಮೊನಚು ಅದರ ಬಾಯಿ ತಿರುಗಿದ ಕಡೆಗೇ ಹೆಚ್ಚಾಗಿ ಹೋಗುತ್ತದೆ. ಫ್ರೆಂಚ್ ಹಾರ್ನ್ ಎಂಬ ಊದುವ ವಾದ್ಯದ ಬಾಯಿ ಹಿಂದಕ್ಕಿರುವುದರಿಂದ ಅದರ ಶಬ್ದದ ದೊಡ್ಡ ಪಾಲು ಹಿಂದಿನ ಗೋಡೆಗೆ ಬಡಿದು ನಮ್ಮನ್ನು ತಲುಪುತ್ತದೆ. ಆ ಗೋಡೆಗೆ ದಪ್ಪ ಪರದೆ ಹಾಕಿದರೆ ಹಾರ್ನ್ ಮಂಕಾಗುತ್ತದೆ.

ಸಭಾಂಗಣದ ಚರ್ಚೆಯಲ್ಲಿ ನಾವು ಕೇಳುಗರನ್ನೇ ನೆನೆಯುತ್ತೇವೆ. ವೇದಿಕೆಯ ಮೇಲಿರುವವರಿಗೂ ಪ್ರತಿಫಲನ ಬೇಕು. ಅವರ ತಲೆಯ ಮೇಲೆ ಫಲಕಗಳನ್ನು ತೂಗುಹಾಕುವುದು ಮುಖ್ಯವಾಗಿ ಅದಕ್ಕೇ. ಸಾಲುಗಳ ನಡುವೆ ಜನ, ಸ್ಟ್ಯಾಂಡ್ ಅಡ್ಡ ಬಂದು ಕಳೆದುಹೋಗುವ ಶಬ್ದವನ್ನು ಅವು ಮೇಲಿನಿಂದ ಕೆಳಕ್ಕೆ ಕಳಿಸುತ್ತವೆ. ಫಲಕ ತುಂಬಾ ಎತ್ತರದಲ್ಲಿದ್ದರೆ ಆ ಶಬ್ದ ತಡವಾಗಿ ಇಳಿಯುತ್ತದೆ, ವಾದಕರಿಗೆ ಲಯ ಹಿಡಿಯಲು ಅಷ್ಟಾಗಿ ಸಹಾಯ ಆಗುವುದಿಲ್ಲ.