ದುಡ್ಡೂ ಕಟ್ಟಿ, ದಾನಿಯನ್ನೂ ತನ್ನಿ: ಈ ಪದ್ಧತಿ ಬಂದದ್ದು ಎಲ್ಲಿಂದ?

"ಕೊಡದು ಬಿಟ್ಟಿ, ತಗಳಕೆ ಯಾಕ್ ದುಡ್ಡು?" ಮಂಡ್ಯ, ಮೈಸೂರಿನ ರಕ್ತನಿಧಿಗಳ ಕಿಟಕಿ ಮುಂದೆ ರೋಗಿಯ ಕಡೆಯವರು ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ದುಡ್ಡು ಕಟ್ಟಿದ ಮೇಲೂ ಬದಲಿಗೆ ಒಬ್ಬರನ್ನು ಕರೆತನ್ನಿ ಅನ್ನುವುದೇಕೆ? ಒಡಹುಟ್ಟಿದ ತಮ್ಮನೇ ಪಕ್ಕದಲ್ಲಿ ನಿಂತಿರುವಾಗ ಅವನ ರಕ್ತವನ್ನೇ ಏರಿಸಬಾರದೇಕೆ?

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದರು, ಮರುವರ್ಷ ಎಬಿ ಸೇರಿತು, 1940ರಲ್ಲಿ ಆರ್‌ಎಚ್ ಅಂಶ ತಿಳಿಯಿತು. ಗುಂಪಿನ ಜೊತೆ ಪಾಸಿಟಿವ್, ನೆಗೆಟಿವ್ ಎಂದು ಬರೆಯುವುದು ಇದನ್ನೇ. ಎ ಗುಂಪಿನವರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಬಿ ಕಣಗಳ ಮೇಲೆ ಬೀಳುವ ಪ್ರತಿಕಾಯ ಇರುತ್ತದೆ, ಬಿ ಗುಂಪಿನವರಲ್ಲಿ ಎ ವಿರುದ್ಧ, ಒ ಗುಂಪಿನವರಲ್ಲಿ ಎರಡರ ವಿರುದ್ಧವೂ. ತಪ್ಪು ಗುಂಪಿನ ರಕ್ತ ಏರಿಸಿದರೆ ಆ ಕಣಗಳು ಮೈಯೊಳಗೇ ಒಡೆದು ಮೂತ್ರಪಿಂಡ ಕೈಕೊಡಬಹುದು, ಪ್ರಾಣವೂ ಹೋಗಬಹುದು. ಆರ್‌ಎಚ್ ವಿಚಾರ ಬಸುರಿಯರಿಗೆ ಮುಖ್ಯ. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೆರಿಗೆಗೆ ಬಂದ ತಾಯಿಯದು ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡಬೇಕು. ತಪ್ಪಿದರೆ ತಾಯಿಯ ಮೈಯಲ್ಲಿ ಪಾಸಿಟಿವ್ ಕಣಗಳ ವಿರುದ್ಧ ಪ್ರತಿಕಾಯ ಹುಟ್ಟಬಹುದು, ಅಪಾಯ ಮುಂದಿನ ಮಗುವಿಗೆ.

"ಗುಂಪು ಗೊತ್ತದೆ, ಬೇಗ ಕೊಡಿ" ಎಂದು ಅವಸರಿಸುವವರಿಗೆ ಒಳಗೆ ನಡೆಯುವ ಕೆಲಸ ಕಾಣುವುದಿಲ್ಲ. ಕಾರ್ಡಿನಲ್ಲಿ ಏನೇ ಬರೆದಿರಲಿ, ರೋಗಿಯ ಗುಂಪನ್ನು ಮತ್ತೆ ನೋಡುತ್ತಾರೆ. ಆಮೇಲೆ ಕ್ರಾಸ್‌ಮ್ಯಾಚ್: ರೋಗಿಯ ಸೀರಮ್ಮಿಗೆ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿ) ದಾನಿಯ ರಕ್ತದ ಚೀಲದಿಂದ ತೆಗೆದ ಕೆಂಪುಕಣಗಳನ್ನು ಬೆರೆಸಿ, ಯಂತ್ರದಲ್ಲಿ ತಿರುಗಿಸಿ, ಕೊಳವೆಯನ್ನು ಮೆಲ್ಲಗೆ ಅಲುಗಿಸಿ ನೋಡುತ್ತಾರೆ. ಕಣಗಳು ಬಿಡಿಬಿಡಿಯಾಗಿ ಮೇಲೆದ್ದರೆ ಸರಿ, ಉಂಡೆಕಟ್ಟಿ ತಳದಲ್ಲೇ ಉಳಿದರೆ ಆ ಚೀಲ ಈ ರೋಗಿಗಲ್ಲ. ಇಷ್ಟಾದರೂ ಅನಾಹುತವಾದರೆ ಬಹುಪಾಲು ಕಾರಣ ಹೆಸರಿನ ಚೀಟಿ ಅದಲುಬದಲಾಗಿರುವುದು. ಹಾಸಿಗೆಯ ಬಳಿ ಇಬ್ಬರು ಸಿಬ್ಬಂದಿ ಹೆಸರು, ನಂಬರು, ಗುಂಪು ಓದಿ ತಾಳೆ ನೋಡುವುದು ಅದಕ್ಕೇ. ಮೊದಲ 15 ನಿಮಿಷ ಹನಿ ನಿಧಾನವಾಗಿರಬೇಕು. ಆಗ ಚಳಿ, ಜ್ವರ, ಸೊಂಟನೋವು, ಉಬ್ಬಸ ಏನೇ ಕಂಡರೂ ಜೊತೆಗಿರುವವರು ಸಂಕೋಚಪಡದೆ ನರ್ಸನ್ನು ಕೂಗಬೇಕು.

ದುಡ್ಡು, ಬದಲಿಯ ಗೋಜಲು ಶುರುವಾದದ್ದು ಈ ವಿಜ್ಞಾನದಿಂದಲ್ಲ, ಕೊಡುವವರ ಕೊರತೆಯಿಂದ. 1990ರ ದಶಕದವರೆಗೂ ದೇಶದಲ್ಲಿ ರಕ್ತ ಮಾರಿ ಬದುಕುವವರಿದ್ದರು. ರಕ್ತಹೀನತೆ ಇದ್ದರೂ, ಕಾಮಾಲೆ ಬಂದು ಹೋಗಿದ್ದರೂ ಮುಚ್ಚಿಟ್ಟು ಮತ್ತೆ ಮತ್ತೆ ತೋಳು ಚಾಚುತ್ತಿದ್ದರು. ಬಡತನ ಹಾಗೆ ಮಾಡಿಸುತ್ತಿತ್ತು. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ ಆತಂಕ ಹೆಚ್ಚಿತು. ಕಾಮನ್ ಕಾಸ್ ಎಂಬ ಸ್ವಯಂಸೇವಾ ಸಂಸ್ಥೆ ಹೂಡಿದ ಪ್ರಕರಣದಲ್ಲಿ, ದುಡ್ಡಿಗೆ ರಕ್ತ ಕೊಡುವುದನ್ನು ನಿಲ್ಲಿಸಬೇಕೆಂದು 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1998ರ ಜನವರಿ 1ರಿಂದ ರಕ್ತ ಮಾರಾಟಕ್ಕೆ ನಿಷೇಧ ಬಂತು.

ಮಾರುವವರು ಹೋದರು, ಫ್ರಿಜ್ ತುಂಬಿಸುವವರು ಅಷ್ಟೇ ವೇಗದಲ್ಲಿ ಬರಲಿಲ್ಲ. ಆ ಖಾಲಿ ಜಾಗವನ್ನು ಬಹುಪಾಲು ತುಂಬಿದ್ದು ಬದಲಿ ದಾನ. ಇದನ್ನು ಹಂತಹಂತವಾಗಿ ಕೈಬಿಡಬೇಕೆಂದು 2002ರ ರಾಷ್ಟ್ರೀಯ ರಕ್ತ ನೀತಿಯೇ ಹೇಳಿದೆ. ಆದರೂ ಮಳವಳ್ಳಿ ಕಡೆಯಿಂದ ಆಂಬ್ಯುಲೆನ್ಸಿನಲ್ಲಿ ಬಂದವರು, ಊರಿನ ಹುಡುಗರಿಗೆಲ್ಲ ಫೋನು ಹಚ್ಚುವುದು ತಪ್ಪಿಲ್ಲ. ಒತ್ತಾಯಕ್ಕೆ ಬಂದ ನೆಂಟ ಹೋದ ತಿಂಗಳ ಜ್ವರದ ಸುದ್ದಿ ಎತ್ತುವುದಿಲ್ಲ. ಕೆಲವೊಮ್ಮೆ ದುಡ್ಡು ಇಸಿದುಕೊಂಡ ಅಪರಿಚಿತನೇ 'ಅತ್ತೆ ಮಗ'ನಾಗಿ ಬರುತ್ತಾನೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯವೇನೋ ಹೌದು. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೂ ಸಿಕ್ಕುವುದಿಲ್ಲ. ಹಾಗಾಗಿ ದಾನಿ ನಿಜ ಹೇಳುವುದು ಪರೀಕ್ಷೆಯಷ್ಟೇ ಮುಖ್ಯ. ಹಂಗಿಲ್ಲದೆ ಬಂದವನಿಗೆ ಸುಳ್ಳು ಹೇಳುವ ಗರಜಿಲ್ಲ.

ತಮ್ಮನ ರಕ್ತಕ್ಕೂ ಇದೇ ಪರೀಕ್ಷೆಗಳು ಆಗಲೇಬೇಕು. ಜೊತೆಗೆ, ಹತ್ತಿರದ ರಕ್ತಸಂಬಂಧಿಯ ಬಿಳಿಕಣಗಳು ರೋಗಿಯ ದೇಹದ ಮೇಲೇ ತಿರುಗಿಬೀಳುವ ಅಪರೂಪದ, ಆದರೆ ಮಾರಕವಾದ ಸಾಧ್ಯತೆ ಉಂಟು. ತಮ್ಮನು ಬದಲಿ ದಾನಿಯಾಗಿ ರಕ್ತ ಕೊಡಲಿ, ಅದು ಬೇರೆ ರೋಗಿಗೆ ಹೋಗಲಿ. ಬದಲಿ ಕೊಡುವವರದು ಅದೇ ಗುಂಪು ಆಗಿರಬೇಕೆಂದೂ ಇಲ್ಲ. ಇನ್ನು ಕಟ್ಟುವ ದುಡ್ಡು ಚೀಲ, ಪರೀಕ್ಷೆ, 2ರಿಂದ 6 ಡಿಗ್ರಿಯಲ್ಲಿ ಕಾಪಿಡುವುದರ ಖರ್ಚು. ಅದನ್ನು ಬಿಟ್ಟು ಬೇರೇನೂ ವಸೂಲು ಮಾಡಬಾರದೆಂದು 2023ರ ಕೊನೆಯಲ್ಲಿ ಕೇಂದ್ರದ ಔಷಧ ನಿಯಂತ್ರಕರು ಮತ್ತೆ ಹೇಳಿದ್ದಾರೆ. ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆಗಳಾದ ಥಲಸೇಮಿಯಾ ಇರುವ ಮಕ್ಕಳಿಗೆ, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ರೋಗಿಗಳಿಗೆ ಶುಲ್ಕವೂ ಇಲ್ಲ, ಬದಲಿಯೂ ಬೇಕಿಲ್ಲ. ಇದು ಗೊತ್ತಿಲ್ಲದೆ ಸಾಲ ಮಾಡುವ ಮನೆಗಳಿವೆ ಅನ್ನುವುದು ಸಂಕಟದ ಮಾತು.

ನಮ್ಮಲ್ಲಿ ಕೊಡುವ ಮನಸ್ಸಿಗೆ ಬರವಿಲ್ಲ. ನಾಯಕರ, ನಟರ ಹುಟ್ಟುಹಬ್ಬಕ್ಕೆ ಶಿಬಿರದಲ್ಲಿ ಸಾಲು ನಿಲ್ಲುತ್ತಾರೆ. ಆದರೆ ಕೆಂಪುಕಣ ಉಳಿಯುವುದು 35ರಿಂದ 42 ದಿನ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಬರೀ 5 ದಿನ. ಪರೀಕ್ಷೆ, ರಜೆ ಎಂದು ಕಾಲೇಜುಗಳು ಖಾಲಿಯಾಗುವ ಏಪ್ರಿಲ್, ಮೇನಲ್ಲಿ ದಾನಿಗಳು ಕಡಿಮೆ. ಮಳೆ ಹಿಡಿದು ಡೆಂಗಿ ಶುರುವಾದರೆ ಪ್ಲೇಟ್‌ಲೆಟ್‌ಗೆ ಪರದಾಟ. 18 ದಾಟಿದ, 45 ಕೆಜಿಗೆ ಕಡಿಮೆಯಿಲ್ಲದ, ಹಿಮೋಗ್ಲೋಬಿನ್ ಕನಿಷ್ಠ 12.5 ಇರುವ ಆರೋಗ್ಯವಂತ ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಯುಗಾದಿ ಮುಗಿದ ಮೇಲೊಂದು, ಆಷಾಢದಲ್ಲೊಂದು, ದಸರಾ ಆಸುಪಾಸಿನಲ್ಲೊಂದು ಶಿಬಿರ ಎಂದು ಊರಿನ ಸಂಘಗಳು ತಮ್ಮತಮ್ಮಲ್ಲಿ ಹಂಚಿಕೊಂಡರೆ, ಹೆರಿಗೆ ವಾರ್ಡಿನ ಹೊರಗೆ ನಿಂತವರು ದಾನಿ ಹುಡುಕಿಕೊಂಡು ಓಡಬೇಕಾಗುವುದಿಲ್ಲ.